ಹಿಂದಿನಿಂದ ಕೂಗಿದ ಬೀಗರು

"ಗುರುಗಳೇ, ಹೊರಟು ನಿಂತವರನ್ನು ಹಿಂದಿನಿಂದ ಕೂಗಿದರೆ ತಪ್ಪಾಗುತ್ತದೆಯೇ?" ಎಂದು ಪಂಪಾಪತಿ ಕೇಳಿದ.

ಕೇಳಿದ್ದು ಹಾರಾಟ ಕಲಿಸುವ ದಾಕ್ಷಾಯಣಮ್ಮನವರನ್ನು. ಬೆಳಗಿನ ಬಯಲು, ಹದವಾದ ಗಾಳಿ. ಆಕೆ ಬೆನ್ನಿಗೆ ಮೋಟಾರು ಕಟ್ಟಿಕೊಂಡು ನಿಂತಿದ್ದರು. ಮೋಟಾರಿಗೆ ಅಂಟಿಕೊಂಡಂತೆ ಪಂಜರದೊಳಗೆ ಒಂದು ಫ್ಯಾನು, ಅದರ ಹಿಂದೆ ಹುಲ್ಲಿನ ಮೇಲೆ ಹಾಸಿದ ರೆಕ್ಕೆಯ ಬಟ್ಟೆ. ಫ್ಯಾನು ತಳ್ಳುತ್ತದೆ, ಮನುಷ್ಯ ಓಡುತ್ತಾನೆ, ಬಟ್ಟೆ ಗಾಳಿ ತುಂಬಿಕೊಂಡು ತಲೆಯ ಮೇಲೆ ಏಳುತ್ತದೆ, ಕಾಲು ನೆಲ ಬಿಡುತ್ತದೆ. ಪ್ಯಾರಾಮೋಟಾರ್ ಎಂದರೆ ಇಷ್ಟೇ. ದಾಕ್ಷಾಯಣಮ್ಮ ಎಷ್ಟೋ ವರ್ಷಗಳಿಂದ ಹೀಗೆ ನೆಲ ಬಿಟ್ಟು ಹೋಗಿ, ಹೋದಷ್ಟು ಸಲವೂ ಮರಳಿ ಬಂದವರು.

ಪಂಪಾಪತಿ ಕಲಿಯಲು ಬಂದು ಹೆಚ್ಚು ದಿನವಾಗಿರಲಿಲ್ಲ. ಅವನ ಕಣ್ಣು ಗುರುವಿನ ಎಡಗಡೆಯ ಕೊಂಡಿಯ ಮೇಲೆ ಬಿದ್ದಿತ್ತು. ರೆಕ್ಕೆಯ ಎಡಭಾಗದ ಹಗ್ಗಗಳನ್ನೆಲ್ಲ ಮೈಗೆ ಹಿಡಿದಿಡುವ ಕೊಂಡಿ ಅದು. ಅದರ ಬಾಯಲ್ಲಿ ಪಟ್ಟಿಯ ಮಡಿಕೆಯೊಂದು ಸಿಕ್ಕಿಕೊಂಡಿತ್ತು. ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಗುರುವಿಗೆ ಹೇಳುವುದೇ? ಅದೂ ಹೊರಟು ನಿಂತ ಹೊತ್ತಿನಲ್ಲಿ? ಹೊರಟವರನ್ನು ಕೂಗಬಾರದು, ಕೆಟ್ಟ ಮಾತು ಆಡಬಾರದು ಎಂದು ಅವನ ಅಜ್ಜಿ ಕಿವಿ ಹಿಂಡಿ ಕಲಿಸಿದ್ದಳು. ತಾನೇ ತಪ್ಪಾಗಿ ನೋಡಿರಬಹುದು, ಅವರಿಗೆ ತಿಳಿಯದ್ದು ತನಗೇನು ತಿಳಿದೀತು ಎಂದೂ ಅನ್ನಿಸಿತು. ಸರಿ, ಸುಮ್ಮನಿರೋಣವೆಂದರೆ, ಆ ಕೊಂಡಿ ಮೇಲೆ ಹೋದ ಮೇಲೆ ಬಿಚ್ಚಿಕೊಂಡರೆ ಗತಿಯೇನು? ಹೀಗೆ ಒಳಗೊಳಗೇ ಗುದ್ದಾಡಿ ಗುದ್ದಾಡಿ ಕೊನೆಗೆ ಅವನ ಬಾಯಿಂದ ಹೊರಟದ್ದು ಆ ಸುತ್ತುಬಳಸಿನ ಪ್ರಶ್ನೆ.

ದಾಕ್ಷಾಯಣಮ್ಮ ಅವನ ಮುಖವನ್ನು ಒಂದು ಸಲ ನೋಡಿದರು. ಹೆಲ್ಮೆಟ್ ತೆಗೆದರು. ಮೋಟಾರಿನ ಪಂಜರವನ್ನು ನೆಲಕ್ಕೆ ಊರಿ, ಪಟ್ಟಿ ಬಿಚ್ಚದೆ ಹಾಗೆಯೇ ಕುಳಿತುಕೊಂಡರು.

"ಗಾಳಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ," ಎಂದರು. ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬರು ಮೇಷ್ಟ್ರಿದ್ದರು. ಯಾರಿಗೂ ಕೇಡು ಬಯಸಿದವರಲ್ಲ. ಆದರೆ ಎಲ್ಲಿಗೆ ಹೋದರೂ ಅವರ ಕಣ್ಣು ಕೆಡಬಹುದಾದ್ದರ ಮೇಲೆಯೇ ಹೋಗಿ ಕೂರುತ್ತಿತ್ತು. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಲು ತಡವಾಗುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಹೋದರೆ ಎಲ್ಲರೂ ಬಾಗಿಲಿನ ತೋರಣ ಹೊಗಳುವಾಗ ಇವರು ತೋರಣದ ಮೇಲಿನ ಬಿರುಕು ನೋಡಿ, "ಈ ಗೋಡೆ ಬಿದ್ದರೆ?" ಎನ್ನುವರು. ನಾಮಕರಣಕ್ಕೆ ಹೋದರೆ ಮಗುವಿನ ಮುಖ ನೋಡುವ ಮೊದಲು ತೊಟ್ಟಿಲಿನ ಹಗ್ಗ ಜಗ್ಗಿ, "ಇದು ಹರಿದರೆ?" ಎನ್ನುವರು. ಕೂಡಲೇ ಹೆಂಗಸರೆಲ್ಲ, "ಬಿಡ್ತು ಅನ್ನಿ ಮೇಷ್ಟ್ರೇ, ಬಿಡ್ತು ಅನ್ನಿ!" ಎಂದು ಮೈಮೇಲೆ ಬೀಳುವರು. ಪಾಪ, ಮೇಷ್ಟ್ರು ಕೈಮುಗಿದು "ಬಿಡ್ತು" ಎನ್ನುವರು. ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಹಗ್ಗವನ್ನು ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಊರವರು ಅವರ ಬಾಯಿಗೆ ಅಪಶಕುನದ ಬಾಯಿ ಎಂದು ಹೆಸರಿಟ್ಟರು. ಹೆಸರಿಟ್ಟರೆ ಇಡಲಿ, ಮೇಷ್ಟ್ರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. ಆದರೆ ಅವರಿಗೆ ಒಬ್ಬಳು ಮಗಳಿದ್ದಳು. ಬಂಗಾರದಂಥ ಹುಡುಗಿ. ಅವಳಿಗೆ ಬಂದ ಮೊದಲ ಸಂಬಂಧ ಮೇಷ್ಟ್ರ ಬಾಯಿಂದ ಮುರಿಯಿತು. ಹುಡುಗನ ಕಡೆಯವರು ಸಂತೋಷವಾಗಿಯೇ ಹೊರಟು ಕಾರು ಹತ್ತಿದ್ದರು. ಮೇಷ್ಟ್ರು ಹಿಂದಿನಿಂದ ಓಡಿ ಹೋಗಿ, "ಸ್ವಾಮೀ, ಟೈರು ಸವೆದು ಬೋಳಾಗಿದೆ, ದಾರಿಯಲ್ಲಿ ಒಡೆದರೆ?" ಎಂದು ಕೂಗಿದರು. ಹೋದವರು ಮತ್ತೆ ಬರಲಿಲ್ಲ. ಎರಡನೆಯ ಸಲ ಹುಡುಗ ಹೋಳಿಗೆ ತಿನ್ನುತ್ತಾ ಕೆಮ್ಮಿದ. "ಎದೆ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಇವರು ಕೇಳಿದರು. ಹೋಳಿಗೆ ಎಲೆಯಲ್ಲೇ ಉಳಿಯಿತು.

ಆಮೇಲೆ ಒಬ್ಬ ಜವಳಿ ವ್ಯಾಪಾರಿಯ ಮನೆಯಿಂದ ಸಂಬಂಧ ಬಂತು. ಈ ಸಲ ಹುಡುಗ ಹುಡುಗಿ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ವ್ಯಾಪಾರಿ ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ನಗೆಯ ಮನುಷ್ಯ. ಕೂದಲು ನೆರೆತ ಮೇಲೆ ಈ ಹಾರಾಟದ ಹುಚ್ಚು ಹಿಡಿಸಿಕೊಂಡು, ಕಲಿತು, ಸೊಗಸಾಗಿ ಹಾರುತ್ತಿದ್ದ. ಮೇಷ್ಟ್ರು ಹೆಂಡತಿಯೊಡನೆ ಮೊದಲ ಸಲ ಅವನ ಮನೆಗೆ ಹೋದಾಗ ಅವನು ಅಂಗಳದಲ್ಲಿ ತನ್ನ ಯಂತ್ರ ತೋರಿಸಿದ. ಎಲ್ಲರೂ ಆಹಾ ಎಂದರು. ಮೇಷ್ಟ್ರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಈ ಫ್ಯಾನಿಗೆ ಕೈ ಸಿಕ್ಕಿದರೆ?" ಎಂದರು. ಹೆಂಡತಿ ಚಿವುಟಿದಳು. ಅದೂ ಸಾಲದೆ, ನೇತಾಡುತ್ತಿದ್ದ ಎರಡು ಪಟ್ಟಿಗಳನ್ನು ಹಿಡಿದು, "ತೊಡೆಗೆ ಹಾಕುವ ಈ ಪಟ್ಟಿ ಮರೆತುಹೋದರೆ?" ಎಂದರು.

ವ್ಯಾಪಾರಿ ಹೊಟ್ಟೆ ಕುಣಿಸಿ ನಕ್ಕ. "ಮರೆತರೆ ನೆಲದ ಮೇಲೆ ಏನೂ ಗೊತ್ತಾಗುವುದಿಲ್ಲ ಬೀಗರೇ, ಭಾರವೆಲ್ಲ ಹೆಗಲ ಮೇಲೇ ಇರುತ್ತದಲ್ಲ. ಕಾಲು ನೆಲ ಬಿಟ್ಟ ಮೇಲೆ ಗೊತ್ತಾಗುತ್ತದೆ. ಸೀಟಿನಿಂದ ಕೆಳಗೆ ಜಾರುತ್ತೇನೆ, ಕಂಕುಳ ಮೇಲೆ ನೇತಾಡುತ್ತೇನೆ. ಈ ಹೊಟ್ಟೆ ಹೊತ್ತುಕೊಂಡು ಎಷ್ಟು ಹೊತ್ತು ನೇತಾಡಲಾದೀತು, ನೀವೇ ಹೇಳಿ!"

"ಬಿಡ್ತು ಅನ್ನೋ!" ಎಂದು ವ್ಯಾಪಾರಿಯ ಅಕ್ಕ ಒಳಗಿನಿಂದ ಚೀರಿದಳು. ಆ ಮನೆಯಲ್ಲಿ ಅವಳ ಮಾತೇ ಮಾತು. ಮೇಷ್ಟ್ರ ಬಾಯಿಯ ಕೀರ್ತಿ ಅವಳ ಕಿವಿಗೂ ಬಿದ್ದಿತ್ತು. ಮೇಷ್ಟ್ರ ಹೆಂಡತಿಯನ್ನು ಅಡುಗೆಮನೆಗೆ ಕರೆದು ಕಡ್ಡಿ ಮುರಿದ ಹಾಗೆ ಹೇಳಿದಳು: "ಹುಡುಗಿ ನಮಗೆ ಒಪ್ಪಿಗೆ. ಆದರೆ ನಿಶ್ಚಿತಾರ್ಥದ ದಿನ ನಿಮ್ಮ ಯಜಮಾನರು ಬಾಯಿ ತೆರೆದು ಒಂದು ಕೆಟ್ಟ ಮಾತು ಆಡಿದರೋ, ತಾಂಬೂಲದ ತಟ್ಟೆ ಅಲ್ಲಿಂದಲೇ ವಾಪಸ್ಸು."

ಮನೆಗೆ ಬಂದ ಮೇಲೆ ಹೆಂಡತಿ ಮೇಷ್ಟ್ರನ್ನು ಕೂರಿಸಿದಳು. "ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋ ಗಾದೆ ನಿಮ್ಮನ್ನು ನೋಡಿಯೇ ಮಾಡಿದ್ದು. ಶಾಸ್ತ್ರ ಮುಗಿಯುವವರೆಗೆ ತುಟಿ ಪಿಟಕ್ಕೆನ್ನಬೇಡಿ. ಮಗಳ ತಲೆ ಮುಟ್ಟಿ ಆಣೆ ಮಾಡಿ." ಮಗಳು ಅಲ್ಲೇ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಮಗಳ ತಲೆ ಮುಟ್ಟಿ ಆಣೆ ಮಾಡಿದರು.

ನಿಶ್ಚಿತಾರ್ಥದ ದಿನ ಬಂತು. ವ್ಯಾಪಾರಿಯ ಹೊಲದಲ್ಲಿ ಚಪ್ಪರ ಹಾಕಿದ್ದರು. ವ್ಯಾಪಾರಿಗೆ ಒಂದೇ ಆಸೆ: ತಾಂಬೂಲ ಬದಲಾಯಿಸುವ ಹೊತ್ತಿಗೆ ತಾನು ಹಾರಿ ಬಂದು ಜೋಡಿಯ ಮೇಲೆ ಆಕಾಶದಿಂದ ಹೂಮಳೆ ಸುರಿಸಬೇಕು. ಹೂವಿನ ಚೀಲ ಸಿದ್ಧವಾಗಿತ್ತು. ಮೇಷ್ಟ್ರ ಹೆಂಡತಿಯೂ ಸಿದ್ಧವಾಗಿಯೇ ಬಂದಿದ್ದಳು. ಗಂಡನ ತುಟಿ ಅಲುಗಾಡಿತು ಎಂದರೆ ಸಾಕು, ಒಂದು ಬೀಡ ಮಡಿಸಿ ಬಾಯಿಗೆ ತುರುಕುವಳು. ಮೇಷ್ಟ್ರು ಚಪ್ಪರದ ಕಂಬ ನೋಡಿದರು, ಬೀಡ ಬಿತ್ತು. ಒಲೆಯ ಹತ್ತಿರವಿದ್ದ ಸೀಮೆಎಣ್ಣೆ ಡಬ್ಬಿ ನೋಡಿದರು, ಇನ್ನೊಂದು ಬಿತ್ತು. ಎರಡು ಕೆನ್ನೆಯೂ ಉಬ್ಬಿ, ಅವರು ಯಾರನ್ನು ಕಂಡರೂ ತಲೆಯಾಡಿಸುವುದೊಂದೇ ಮಾಡುತ್ತಿದ್ದರು. "ಎಷ್ಟು ಗಂಭೀರ ಮನುಷ್ಯ!" ಎಂದು ಹುಡುಗನ ಕಡೆಯವರು ಮೆಚ್ಚಿಕೊಂಡರು.

ವ್ಯಾಪಾರಿ ಯಂತ್ರ ಹೊತ್ತು ಬಯಲಿನಲ್ಲಿ ನಿಂತ. ಎದೆಯ ಪಟ್ಟಿ ಹಾಕಿಕೊಂಡ. ತೊಡೆಪಟ್ಟಿಗೆಂದು ಬಗ್ಗಿದ. ಅಷ್ಟರಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ಬಂದಳು. ಆರತಿಯ ಮುಂದೆ ಬಗ್ಗಿಕೊಂಡೇ ಇರಲಾಗುತ್ತದೆಯೇ? ನೆಟ್ಟಗೆ ನಿಂತ. ಅಕ್ಕ ಕುಂಕುಮವಿಟ್ಟಳು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದಳು. ಫೋಟೋದವನು, "ಸಾರ್, ಈ ಕಡೆ, ಸ್ವಲ್ಪ ಹಲ್ಲು ಕಾಣಲಿ," ಎಂದ. ಹಲ್ಲು ಕಾಣಿಸಿದ. ಪುರೋಹಿತರು ಚಪ್ಪರದಿಂದ, "ತಡವಾಯಿತು, ಹೊರಡಿ ಹೊರಡಿ," ಎಂದು ಕೈಬೀಸಿದರು. ತೊಡೆಪಟ್ಟಿಗೆ ಬಗ್ಗಿದ್ದು ವ್ಯಾಪಾರಿಗೆ ನೆನಪಿತ್ತು. ಬಗ್ಗಿದ ಮೇಲೆ ಹಾಕಿಕೊಂಡೇ ಇರುತ್ತೇನೆ ಎಂದುಕೊಂಡು ಹೆಲ್ಮೆಟ್ ಏರಿಸಿದ. ನೋಡು ಪಂಪಾಪತಿ, ಅರ್ಧಕ್ಕೆ ನಿಂತ ಕೆಲಸದ ಗುಣವೇ ಇದು. ಅದು ಮುಗಿದ ಕೆಲಸದ ವೇಷ ಹಾಕಿಕೊಂಡು ಎದುರಿಗೆ ನಿಲ್ಲುತ್ತದೆ.

ಮೇಷ್ಟ್ರ ಕಣ್ಣು ಎಲ್ಲಿ ಬಿದ್ದಿರಬೇಕು? ಅಲ್ಲೇ ಬಿತ್ತು. ಎರಡು ತೊಡೆಪಟ್ಟಿಗಳೂ ವ್ಯಾಪಾರಿಯ ಮೊಣಕಾಲಿನ ಬಳಿ ನೇತಾಡುತ್ತಿದ್ದವು. ಮೇಷ್ಟ್ರು ಹೆಂಡತಿಯ ಸೆರಗು ಜಗ್ಗಿ ತಮ್ಮ ತೊಡೆ ತಟ್ಟಿ ತೋರಿಸಿದರು. ಅವಳು ಸುತ್ತಲೂ ನೋಡಿ ನಾಚಿಕೊಂಡು, "ಇದೇನ್ರೀ ಎಲ್ಲರ ಎದುರಿಗೆ!" ಎಂದು ಇನ್ನೊಂದು ಬೀಡ ತುರುಕಿದಳು.

ಬಯಲಿನಲ್ಲಿ ಮೋಟಾರು ಗುರ್ರೆಂದಿತು.

ಮೇಷ್ಟ್ರು ಒಮ್ಮೆ ಮಗಳ ಕಡೆ ನೋಡಿದರು. ಅವಳು ಹೊಸ ಸೀರೆಯಲ್ಲಿ, ತಲೆ ತಗ್ಗಿಸಿ, ನಗು ತಡೆದುಕೊಂಡು ಕೂತಿದ್ದಳು. ಬಾಯಿ ತೆರೆದರೆ ಆ ನಗು ಹೋಯಿತು. ತೆರೆಯದಿದ್ದರೆ ಅದೇ ಹುಡುಗಿಯ ಮಾವನ ಪ್ರಾಣ ಹೋಯಿತು. ಆಣೆ ಗಂಟಲಲ್ಲಿ ಸಿಕ್ಕಿಕೊಂಡಿತು, ಎಲೆಅಡಿಕೆಯೂ ಸಿಕ್ಕಿಕೊಂಡಿತು. ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಬಾಯಲ್ಲಿದ್ದದ್ದನ್ನೆಲ್ಲ ಥೂ ಎಂದು ಉಗಿದು, ಪಂಚೆ ಮೇಲೆ ಕಟ್ಟಿ, ಚಪ್ಪರದಿಂದ ಹೊರಗೆ ನೆಗೆದು, "ಬೀಗರೇ! ನಿಲ್ಲಿ! ನಿಲ್ಲಿ ಅಂದೆ!" ಎಂದು ಹಿಂದಿನಿಂದ ಕೂಗಿದರು.

ಇಡೀ ಚಪ್ಪರ ಅಯ್ಯೋ ಎಂದಿತು. ಶುಭಕಾರ್ಯಕ್ಕೆ ಹೊರಟವನನ್ನು ಹಿಂದಿನಿಂದ ಕೂಗುವುದೇ! ತಮಾಷೆಯೆಂದರೆ ಕೇಳಬೇಕಾದವನಿಗೆ ಅದು ಕೇಳಿಸಲೇ ಇಲ್ಲ. ಮೋಟಾರಿನ ಸದ್ದು, ಕಿವಿ ಮುಚ್ಚಿದ ಹೆಲ್ಮೆಟ್ಟು. ವ್ಯಾಪಾರಿ ಓಡತೊಡಗಿದ. ಹಿಂದೆ ಬಟ್ಟೆ ಮೇಲೇಳತೊಡಗಿತು.

ಹಿಂದಿನಿಂದ ಕೂಗುವುದೇ ಒಂದು ಅಪಶಕುನವಾದರೆ ಎದುರಿಗೆ ಅಡ್ಡ ಬರುವುದು ಅದಕ್ಕಿಂತ ದೊಡ್ಡದು. ಮೇಷ್ಟ್ರು ಅದನ್ನೂ ಮಾಡಿದರು. ಫ್ಯಾನಿನ ಹತ್ತಿರ ಸುಳಿಯಬಾರದು ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಕೇಳಿಯೇ ಚಿವುಟಿಸಿಕೊಂಡಿದ್ದರು. ದೂರದಿಂದ ಸುತ್ತು ಹಾಕಿ, ಎಡವಿ, ಎದ್ದು, ವ್ಯಾಪಾರಿಯ ಎದುರಿಗೆ ಹೋಗಿ ಎರಡೂ ಕೈ ಮೇಲೆತ್ತಿ ಬೇಲಿಯ ಗೂಟದ ಹಾಗೆ ನಿಂತುಬಿಟ್ಟರು. ವ್ಯಾಪಾರಿಯ ಹೆಜ್ಜೆ ಆಗಲೇ ಹಗುರಾಗಿತ್ತು. ಎದುರಿಗೆ ಬೀಗರು! ಅವನು ಗಾಬರಿಯಾಗಿ ಮೋಟಾರಿನ ಗುಂಡಿ ಒತ್ತಿ ನಿಲ್ಲಿಸಿದ, ಕೈಯ ಹಗ್ಗ ಜಗ್ಗಿದ. ಓಡಿದ ವೇಗಕ್ಕೆ ಬಂದು ಮೇಷ್ಟ್ರ ಮೇಲೆ ಬಿದ್ದ. ಅವರಿಬ್ಬರ ಮೇಲೆ ರೆಕ್ಕೆಯ ಬಟ್ಟೆ ಬಿತ್ತು. ಹೂವಿನ ಚೀಲ ಬಿಚ್ಚಿಕೊಂಡು ಹೂವೆಲ್ಲ ನೆಲಕ್ಕೆ ಸುರಿಯಿತು.

ಚಪ್ಪರದಲ್ಲಿ ಮೇಷ್ಟ್ರ ಹೆಂಡತಿ ತಲೆಯ ಮೇಲೆ ಕೈಹೊತ್ತು ಕುಸಿದಳು. "ಮುಗೀತು, ಈ ಸಂಬಂಧವೂ ಮುಗೀತು," ಎಂದಳು. ವ್ಯಾಪಾರಿಯ ಅಕ್ಕ ತಾಂಬೂಲದ ತಟ್ಟೆಯನ್ನು ಕೈಗೆತ್ತಿಕೊಂಡು ಎದ್ದು ನಿಂತಳು.

ಬಟ್ಟೆಯ ಕೆಳಗೆ ವ್ಯಾಪಾರಿ ಕೆಂಡವಾಗಿದ್ದ. "ಬೀಗರೇ, ತಲೆಗಿಲೆ ಕೆಟ್ಟಿದೆಯೇ ನಿಮಗೆ? ಮಗನ ಶುಭಕಾರ್ಯಕ್ಕೆ ಹೊರಟಿದ್ದೇನೆ, ಬೆಕ್ಕಿನ ಹಾಗೆ ಅಡ್ಡ ಬರುತ್ತೀರಲ್ಲ!"

ಆಗ ಒಂದು ವಿಚಿತ್ರ ನಡೆಯಿತು. ಜನ್ಮವಿಡೀ ಹಿಡಿತವಿಲ್ಲದೆ ಆಡಿದ ಆ ಬಾಯಿಯಿಂದ, ಬೇಕಾದ ಹೊತ್ತಿನಲ್ಲಿ ಒಂದು ಮಾತೂ ಹೊರಡಲಿಲ್ಲ. ಮೇಷ್ಟ್ರು ಬೆರಳಿನಿಂದ ಕೆಳಗೆ ತೋರಿಸಿದರು. ವ್ಯಾಪಾರಿ ಬಗ್ಗಿ ನೋಡಿದ. ಒಂದು ಪಟ್ಟಿ ಎತ್ತಿ ನೋಡಿದ. ಇನ್ನೊಂದನ್ನೂ ಎತ್ತಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

ಹೊರಗಿನಿಂದ ನೋಡುವವರಿಗೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತಿತ್ತು. "ಹೊಡೆದಾಡುತ್ತಿದ್ದಾರೆ, ಬಿಡಿಸಿ!" ಎಂದು ಯಾರೋ ಕೂಗಿದರು. ಜನ ಓಡಿ ಹೋಗಿ ಬಟ್ಟೆ ಎತ್ತಿದರು. ಒಳಗೆ ವ್ಯಾಪಾರಿ ಮೇಷ್ಟ್ರನ್ನು ತಬ್ಬಿಕೊಂಡು ಅಳುತ್ತಿದ್ದ, ಅಳುತ್ತಲೇ ನಗುತ್ತಿದ್ದ. ಮೇಷ್ಟ್ರ ಗಲ್ಲ, ಕತ್ತು, ಅಂಗಿ ಎಲ್ಲ ಕೆಂಪು. "ಅಯ್ಯಯ್ಯೋ ರಕ್ತ!" ಎಂದು ಹೆಂಗಸರು ಕಿರುಚಿದರು. "ರಕ್ತ ಅಲ್ಲ ಕಣ್ರಮ್ಮಾ, ನನ್ನ ಹೆಂಡತಿ ಕೊಟ್ಟ ಎಲೆಅಡಿಕೆ," ಎಂದು ಮೇಷ್ಟ್ರು ಒರೆಸಿಕೊಂಡರು. ಅವರ ಬಾಯಿಗೆ ಮಾತು ಮರಳಿ ಬಂದದ್ದು ಹೀಗೆ.

ವ್ಯಾಪಾರಿ ನೇತಾಡುವ ಪಟ್ಟಿಗಳನ್ನು ಎತ್ತಿ ಎಲ್ಲರಿಗೂ ತೋರಿಸಿದ. ಆರತಿ ಹಿಡಿದು ಯಾವ ಹೊತ್ತಿನಲ್ಲಿ ಬಂದೆನೆಂಬುದು ಅಕ್ಕನಿಗೆ ಹೊಳೆಯಿತು. ಅವಳು ಕೆಟ್ಟವಳಲ್ಲ, ತಮ್ಮನ ಮೇಲೆ ಜೀವ ಇಟ್ಟುಕೊಂಡವಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಮೇಷ್ಟ್ರ ಹೆಂಡತಿಯ ಕೈ ಹಿಡಿದುಕೊಂಡಳು. ಆದರೂ ಒಳಗಿನ ಅಳುಕು ಹೋಗಬೇಕಲ್ಲ. "ಏನೇ ಆಗಲಿ, ಹಿಂದಿನಿಂದ ಕೂಗಿದ್ದಾಯಿತು, ಅಡ್ಡ ಬಂದದ್ದೂ ಆಯಿತು. ಇವತ್ತು ಹಾರುವುದು ಬೇಡ," ಎಂದಳು.

ಚಪ್ಪರದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ವ್ಯಾಪಾರಿಯ ಮುದಿ ತಾಯಿ ಈಗ ಬಾಯಿ ಹಾಕಿದಳು. "ಅರ್ಧಂಬರ್ಧ ಶಾಸ್ತ್ರ ಯಾರೇ ನಿಮಗೆ ಹೇಳಿಕೊಟ್ಟಿದ್ದು? ಹಿಂದಿನಿಂದ ಕೂಗಿದರೆ ಹೋಗಲೇಬಾರದು ಅಂತ ನಮ್ಮ ಅತ್ತೆ ಹೇಳಲಿಲ್ಲ. ವಾಪಸ್ಸು ಬಂದು, ಕೂತು, ನೀರು ಕುಡಿದು, ಮೊದಲಿನಿಂದ ಹೊರಡಬೇಕು ಅಂತ ಹೇಳಿದ್ದಳು. ಕೂರಿಸಿ ಅವನನ್ನು. ನೀರು ಕೊಡಿ."

ಹಾಗೆಯೇ ಮಾಡಿದರು. ವ್ಯಾಪಾರಿ ಯಂತ್ರವನ್ನು ಪೂರ್ತಿ ಬಿಚ್ಚಿಟ್ಟ. ನೆಲದ ಮೇಲೆ ಕೂತ. ಬೆಲ್ಲ ಕಚ್ಚಿಕೊಂಡು ಒಂದು ಚೆಂಬು ನೀರು ಕುಡಿದ. ಕೈನಡುಕ ನಿಲ್ಲುವವರೆಗೂ ಅವನನ್ನು ಏಳಲು ಮುದುಕಿ ಬಿಡಲಿಲ್ಲ. ಅಷ್ಟರಲ್ಲಿ ಬಂದವರೆಲ್ಲ ಬಗ್ಗಿ ಬಗ್ಗಿ ಹುಲ್ಲಿನಿಂದ ಹೂ ಆರಿಸಿದರು. ಹುಡುಗ ಹುಡುಗಿಯೂ ಎದ್ದು ಬಂದು ಆರಿಸಿದರು. ಆರಿಸಿದ್ದಕ್ಕಿಂತ ಒಬ್ಬರ ಮೇಲೊಬ್ಬರು ಎರಚಿಕೊಂಡದ್ದೇ ಹೆಚ್ಚು.

ವ್ಯಾಪಾರಿ ಮತ್ತೆ ಯಂತ್ರ ಹೊತ್ತ. ಈ ಸಲ ಎದೆಯ ಪಟ್ಟಿ, ತೊಡೆಪಟ್ಟಿ ಒಂದೊಂದನ್ನೂ ಹಾಕಿ, ಜಗ್ಗಿ ನೋಡಿ, ಆಮೇಲೆ ಮೇಷ್ಟ್ರನ್ನು ಕರೆದ. "ಬೀಗರೇ, ಇಲ್ಲಿ ಬನ್ನಿ. ಇನ್ನು ಏನೇನು ಕೆಡಬಹುದು, ಒಂದೂ ಬಿಡದೆ ಹೇಳಿ," ಎಂದ.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಕೈಯಲ್ಲಿದ್ದ ಬೀಡವನ್ನು ತಾನೇ ಬಾಯಿಗೆ ಹಾಕಿಕೊಂಡು, "ಕೇಳುತ್ತಿದ್ದಾರಲ್ಲ, ಹೇಳ್ರೀ!" ಎಂದಳು. ಆ ಮನುಷ್ಯನ ಬಾಳಿನಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು.

"ಮೇಲೆ ಹೋದಾಗ ಮೋಟಾರು ನಿಂತರೆ?" ಎಂದರು ಮೇಷ್ಟ್ರು.

"ಹಿಂದಿನ ಬೀಳು ಹೊಲದಲ್ಲಿ ಇಳಿಯುತ್ತೇನೆ. ಅದು ಕೈಗೆಟಕುವಷ್ಟು ದೂರದಲ್ಲೇ ಹಾರುತ್ತೇನೆ. ಕೆರೆಯ ಮೇಲೆ ಹೋಗುವುದಿಲ್ಲ."

"ಗಾಳಿ ಏರುತ್ತಿದೆಯಲ್ಲ?"

ವ್ಯಾಪಾರಿ ಗಾಳಿಚೀಲ ನೋಡಿದ. ಕೋಲಿಗೆ ಕಟ್ಟಿದ ಬಟ್ಟೆಯ ಚೀಲ ಮೊದಲಿಗಿಂತ ಸ್ವಲ್ಪ ಬಿಗಿಯಾಗಿತ್ತು. "ಹೌದು. ಎರಡು ಸುತ್ತು ಬೇಡ, ಒಂದೇ ಸುತ್ತು. ಆ ಚೀಲ ಇನ್ನಷ್ಟು ನೆಟ್ಟಗಾದರೆ ಅದೂ ಬೇಡ."

"ಆಚೆ ಕರೆಂಟಿನ ತಂತಿ?"

"ಆ ಕಡೆ ತಲೆಯೇ ಹಾಕುವುದಿಲ್ಲ."

ಮೇಷ್ಟ್ರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಣ್ಣು ಕೊರಳಲ್ಲಿ ನಿಂತಿತು. "ಈ ಹಾರದ ದಾರ ಹಾರಿ ಹೋಗಿ ಫ್ಯಾನಿಗೆ ಸುತ್ತಿಕೊಂಡರೆ?"

ಅದು ವ್ಯಾಪಾರಿಗೆ ಹೊಳೆದಿರಲೇ ಇಲ್ಲ. ಆರತಿ ಮಾಡಿ ಹಾಕಿದ ಹಾರವನ್ನು ತೆಗೆಯುವುದು ಹೇಗೆ ಎಂದು ಅಕ್ಕನ ಕಡೆ ನೋಡಿದ. ಅಕ್ಕ ತಾನೇ ಬಂದು ತೆಗೆದಳು. ತೆಗೆದು ಮುದಿ ತಾಯಿಯ ಕೊರಳಿಗೆ ಹಾಕಿದಳು. "ಇಷ್ಟು ವರ್ಷಕ್ಕೆ ನನಗೂ ಒಂದು ಹಾರ ಬಿತ್ತು," ಎಂದು ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ಹೂವಿನ ಚೀಲ ಜಾರಿ ಹಿಂದೆ ಹೋಗದ ಹಾಗೆ ಅದನ್ನೂ ಬಿಗಿಯಾಗಿ ಕಟ್ಟಿದರು.

ವ್ಯಾಪಾರಿ ಹಾರಿದ. ಎಂಥ ಹಾರಾಟ ಅದು! ಬಟ್ಟೆ ತಲೆಯ ಮೇಲೆ ತುಂಬಿ ನಿಂತಿತು, ಆ ದೊಡ್ಡ ಹೊಟ್ಟೆ ಮೆಲ್ಲಗೆ ನೆಲ ಬಿಟ್ಟಿತು, ಚಪ್ಪರದಲ್ಲಿದ್ದವರೆಲ್ಲ ಹೋ ಎಂದು ಕುಣಿದರು. ಆದರೆ ಹೂಮಳೆಯ ಗತಿ ಕೇಳಬೇಡ. ಗಾಳಿ ಹೂವನ್ನೆಲ್ಲ ಹೊತ್ತುಕೊಂಡು ಹೋಗಿ ಪಕ್ಕದ ಹೊಲದ ಎಮ್ಮೆಗಳ ಮೇಲೆ ಸುರಿಯಿತು. ಜೋಡಿಯ ಮೇಲೆ ಬಿದ್ದದ್ದು ಬೆರಳೆಣಿಕೆಯ ಎಸಳು. ಅಷ್ಟಕ್ಕೇ ಹುಡುಗಿ ಮುಖ ಎತ್ತಿ, ಬಾಯಿತುಂಬ ನಕ್ಕಳು. ವ್ಯಾಪಾರಿ ಒಂದೇ ಸುತ್ತು ಹಾಕಿ, ಹೇಳಿದ ಮಾತಿನಂತೆ ಇಳಿದು, ಓಡಿ ಬಂದ. ತಾಂಬೂಲ ಬದಲಾಯಿಸಿದ್ದಾಯಿತು. ಊಟಕ್ಕೆ ಕೂತಾಗ ಮೇಷ್ಟ್ರು ಪಾಯಸದ ಕೊಳದಪ್ಪಲೆ ನೋಡಿ, "ಇದಕ್ಕೆ ಹಲ್ಲಿ ಬಿದ್ದರೆ?" ಎಂದರು. ಯಾರೂ ಬಿಡ್ತು ಅನ್ನಿ ಎನ್ನಲಿಲ್ಲ. ಅಕ್ಕ ಎದ್ದು ಹೋಗಿ ಒಂದು ತಟ್ಟೆ ಮುಚ್ಚಿ ಬಂದಳು.

ಅಂದಿನಿಂದ ವ್ಯಾಪಾರಿ ಬೀಗರಿಲ್ಲದೆ ನೆಲ ಬಿಟ್ಟವನಲ್ಲ. ಗಾಳಿ ಹದವಾಗಿದ್ದರೆ ಬೆಳಗಾಗೆದ್ದು ಫೋನು ಮಾಡುತ್ತಾನೆ: "ಬೀಗರೇ, ಬಂದು ಅಪಶಕುನ ನುಡಿಯಿರಿ, ಹಾರಬೇಕು." ಮೇಷ್ಟ್ರು ಕುಪ್ಪಳಿಸಿಕೊಂಡು ಹೋಗುತ್ತಾರೆ. ನೆಲದ ಮೇಲೆ ನಿಂತು ಕೆಟ್ಟದ್ದನ್ನೆಲ್ಲ ಆಡಿ ಮುಗಿಸುತ್ತಾರೆ. ಮೇಲೆ ಹೋದವನಿಗೆ ಮಾಡಲು ಉಳಿಯುವುದು ಸಂತೋಷಪಡುವುದೊಂದೇ.

ಕತೆ ಇಲ್ಲಿಗೆ ನಿಂತಿತು. ಪಂಪಾಪತಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಎಮ್ಮೆಗಳನ್ನು ನೆನೆದು ಇನ್ನೊಮ್ಮೆ ನಕ್ಕ. ನಗು ಇಳಿದ ಮೇಲೆ ಅವನ ಕಣ್ಣು ಮತ್ತೆ ಆ ಕೊಂಡಿಯ ಕಡೆಗೇ ಹೋಯಿತು.

"ಗುರುಗಳೇ, ಅಷ್ಟು ಜನರೆದುರಿಗೆ ಅಡ್ಡ ನಿಲ್ಲುವಾಗ ಮೇಷ್ಟ್ರಿಗೆ ಭಯವಾಗಲಿಲ್ಲವೇ?" ಎಂದ.

"ಆಗದೆ ಏನು? ಮಗಳ ಮದುವೆ ಮುರಿಯಿತು ಎಂದು ತಿಳಿದೇ ನಿಂತದ್ದು. ಅವರು ಕಂಡದ್ದು ಸುಳ್ಳಾಗಿದ್ದರೂ ಹಾರುವವನಿಗೆ ನಷ್ಟವೇನು, ಒಂದು ಚೆಂಬು ನೀರು ಕುಡಿದು ಮತ್ತೆ ಹೊರಟರಾಯಿತು."

ದಾಕ್ಷಾಯಣಮ್ಮ ಮೊಣಕಾಲೂರಿ ಎದ್ದು ನಿಂತರು. ಮೋಟಾರಿನ ಭಾರವನ್ನು ಹೆಗಲಿಗೆ ಸರಿಮಾಡಿಕೊಂಡರು. ಗಾಳಿಚೀಲ ನೋಡಿದರು. ಹೆಲ್ಮೆಟ್ಟನ್ನು ತಲೆಯವರೆಗೆ ಎತ್ತಿ, ಅಲ್ಲೇ ತಡೆದು, ಶಿಷ್ಯನ ಕಡೆಗೆ ತಿರುಗಿ ನಕ್ಕರು.

"ಪಂಪಾಪತಿ, ನನ್ನ ಎಡಗಡೆಯ ಕೊಂಡಿಯ ವಿಷಯ ಈಗ ನೀನು ಹೇಳುತ್ತೀಯೋ, ಇಲ್ಲ ನೆಲವೇ ಹೇಳಲಿ ಎಂದು ಬಿಡುತ್ತೀಯೋ?"